ಲಗ್ನಪತ್ರಿಕೆ ಓದೋಕೆ ಆ್ಯಪ್ ಯಾಕ್ರೀ ಬೇಕು?

ತುಳಸಿ ಲಗ್ನ ಮುಗೀತು ಅಂದ್ರೆ ಸಾಕು, ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಮನೆಮನೆಯಲ್ಲೂ ಮದುವೆ ಮಾತು ಶುರು. ಮೊದಲೆಲ್ಲ ಗಂಡ-ಹೆಂಡತಿ ಇಬ್ಬರೂ ಮನೆಗೆ ಬಂದು, ಅರಿಶಿನ-ಕುಂಕುಮ ಕೊಟ್ಟು, ಅಕ್ಷತೆ ಇಟ್ಟು, 'ಎಲ್ಲಾರೂ ಬರ್ಬೇಕ್ರಿ, ತಪ್ಪಿಸಬ್ಯಾಡ್ರಿ' ಅಂತ ಕರೆದು ಹೋಗುತ್ತಿದ್ದರು. ಈಗ? ಹತ್ತಿರದವರಿಗೆ ಮಾತ್ರ ಆ ಮರ್ಯಾದೆ. ಮಿಕ್ಕವರಿಗೆಲ್ಲ ವಾಟ್ಸ್ಆ್ಯಪ್‌ನಲ್ಲೇ ಪತ್ರಿಕೆ! ಯಾರೂ ತಪ್ಪು ತಿಳಿಯೋದಿಲ್ಲ, ಕಾಲವೇ ಹಾಗಿದೆ.

ಆದರೆ ಗೃಹಿಣಿಯರೇ, ಈ ಹೊಸ ಪದ್ಧತಿಯನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡವರು ಇನ್ನೊಬ್ಬರಿದ್ದಾರೆ. ಅವರು ಆನ್‌ಲೈನ್ ಕಳ್ಳರು. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಜನರಿಗೊಂದು ಎಚ್ಚರಿಕೆ ಕೊಟ್ಟರು: ವಾಟ್ಸ್ಆ್ಯಪ್‌ನಲ್ಲಿ ಮದುವೆ ಪತ್ರಿಕೆಯ ಹೆಸರಿನಲ್ಲಿ ಬರುವ ಫೈಲ್ ಒತ್ತಬೇಡಿ, ಅದು ಪತ್ರಿಕೆ ಅಲ್ಲ, ನಿಮ್ಮ ಫೋನಿಗೆ ನುಗ್ಗುವ ಆ್ಯಪ್ ಎಂದು. 2025ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಹಿಂಗೋಲಿಯ ಸರ್ಕಾರಿ ನೌಕರರೊಬ್ಬರು ಇಂಥದ್ದೇ ಒಂದು 'ಪತ್ರಿಕೆ' ತೆರೆದು ಸುಮಾರು 1 ಲಕ್ಷ 90 ಸಾವಿರ ರೂಪಾಯಿ ಕಳೆದುಕೊಂಡ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಕಚೇರಿಯಲ್ಲಿ ದಿನವೂ ಕಾಗದ-ಪತ್ರ ನೋಡುವವರೇ ಮೋಸಹೋದರೆ, ಒಲೆ ಮೇಲೆ ಹಾಲಿಟ್ಟು, ಒಂದು ಕಣ್ಣು ಹಾಲಿನ ಮೇಲೆ, ಇನ್ನೊಂದು ಕಣ್ಣು ಫೋನಿನ ಮೇಲೆ ಇಟ್ಟುಕೊಂಡ ನಮ್ಮ ಗತಿ ಏನು?

'ನನ್ನ ಹತ್ರ ಏನೈತಿ ಅಂತ ಕದೀತಾರ ಬಿಡ್ರಿ' ಅನ್ನಬೇಡಿ. ಗೃಹಲಕ್ಷ್ಮಿಯ ಎರಡು ಸಾವಿರ, ಸಂಘದ ಉಳಿತಾಯ, ಮಗಳ ಕಾಲೇಜ್ ಫೀಸಿಗೆ ಎತ್ತಿಟ್ಟದ್ದು, ಅತ್ತೆಯ ಪಿಂಚಣಿ... ಇವೆಲ್ಲ ಇರೋದು ಎಲ್ಲಿ? ನಿಮ್ಮ ಕೈಯಲ್ಲಿರುವ ಆ ಫೋನ್ ನಂಬರಿಗೆ ಜೋಡಿಸಿದ ಖಾತೆಯಲ್ಲೇ ಅಲ್ಲವೇ?

ಹಳೆಯ ಕಳ್ಳ, ಹೊಸ ವೇಷ

ಈ ಕಳ್ಳತನ ಹೊಸದೇನಲ್ಲ. ಇದರ ಅಜ್ಜ ಹುಟ್ಟಿದ್ದು ಈ-ಮೇಲ್ ಕಾಲದಲ್ಲಿ. 2000ನೇ ಇಸವಿ ಮೇ 4ರಂದು ಪ್ರಪಂಚದ ಲಕ್ಷಾಂತರ ಕಂಪ್ಯೂಟರುಗಳಿಗೆ 'ಐ ಲವ್ ಯೂ' ಎಂಬ ತಲೆಬರಹದ ಮೇಲ್ ಬಂತು. ಜೊತೆಗೆ ಒಂದು ಅಟ್ಯಾಚ್‌ಮೆಂಟ್, ನಿಮಗಾಗಿ ಒಂದು ಪ್ರೇಮಪತ್ರ ಅಂತ ಅದರ ಹೆಸರು. ಪ್ರೇಮಪತ್ರ ಅಂದಮೇಲೆ ಯಾರು ತಾನೇ ತೆರೆಯದೇ ಇರುತ್ತಾರೆ? ಅದೂ ಗುರುತಿಲ್ಲದವರಿಂದ ಬಂದದ್ದಲ್ಲ, ಪರಿಚಯದವರ ವಿಳಾಸದಿಂದಲೇ ಬಂದದ್ದು!

ತೆರೆದ ಕೂಡಲೇ ಆ ವೈರಸ್ ಮೂರು ಕೆಲಸ ಮಾಡುತ್ತಿತ್ತು. ಕಂಪ್ಯೂಟರಿನಲ್ಲಿದ್ದ ಫೋಟೋಗಳನ್ನು ಅಳಿಸಿ ಆ ಜಾಗದಲ್ಲಿ ತನ್ನನ್ನೇ ಬರೆದುಕೊಳ್ಳುತ್ತಿತ್ತು. ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಮ್ ಇಳಿಸಿಕೊಳ್ಳಲು ನೋಡುತ್ತಿತ್ತು. ಮೂರನೆಯದಾಗಿ, ಔಟ್‌ಲುಕ್‌ನ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪ್ರೇಮಪತ್ರವನ್ನು ನಿಮ್ಮ ಹೆಸರಿನಲ್ಲೇ ಕಳಿಸಿಬಿಡುತ್ತಿತ್ತು. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೂ ಆವತ್ತು ಮೇಲ್ ವ್ಯವಸ್ಥೆಯನ್ನು ಬಂದ್ ಮಾಡಬೇಕಾಯಿತು. ಇದನ್ನು ಬರೆದವನು ಫಿಲಿಪ್ಪೀನ್ಸ್‌ನ ಮನಿಲಾದ ವಿದ್ಯಾರ್ಥಿ ಒನೆಲ್ ಡಿ ಗುಜ್ಮನ್. ಆಗ ಆ ದೇಶದಲ್ಲಿ ಇಂಥ ಅಪರಾಧಕ್ಕೆ ಕಾನೂನೇ ಇರಲಿಲ್ಲ, ಹಾಗಾಗಿ ಶಿಕ್ಷೆಯೂ ಆಗಲಿಲ್ಲ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ, ಅಕ್ಟೋಬರ್ 17ಕ್ಕೆ.

ಜನ ಯಾಕೆ ಮೋಸಹೋದರು ಗೊತ್ತೇ? ಆ ಫೈಲಿಗೆ ಎರಡು ಬಾಲಗಳಿದ್ದವು. ಮೊದಲ ಬಾಲ '.ಟಿಎಕ್ಸ್‌ಟಿ', ಅಂದರೆ ಬರೀ ಬರಹ. ಅದರ ಹಿಂದೆ ನಿಜವಾದ ಬಾಲ '.ವಿಬಿಎಸ್', ಅಂದರೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಪ್ರೋಗ್ರಾಮ್. ವಿಂಡೋಸ್ ಕೊನೆಯ ಬಾಲವನ್ನು ಮರೆಮಾಡುವುದರಿಂದ ಜನರ ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಮರುವರ್ಷ, 2001ರ ಫೆಬ್ರುವರಿಯಲ್ಲಿ, ಟೆನಿಸ್ ತಾರೆ ಅನ್ನಾ ಕುರ್ನಿಕೋವಾಳ ಫೋಟೋ ಅಂತ ಬಂದ ವೈರಸ್ಸೂ ಇದೇ ಉಪಾಯದ್ದು. ಮೇಲೆ ಫೋಟೋದ ಹೆಸರು, ಕೆಳಗೆ ಪ್ರೋಗ್ರಾಮಿನ ಬಾಲ.

ಹಂಪಿಯಲ್ಲಿ ವಿರೂಪಾಕ್ಷನ ಗುಡಿಗೆ ಹೋದಾಗ ಕತ್ತಲ ಕೋಣೆಯ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುವುದನ್ನು ನೋಡಿದ್ದೀರಲ್ಲ? ಫೈಲಿನ ಹೆಸರನ್ನೂ ಹಾಗೇ ತಲೆಕೆಳಗಾಗಿ, ಕೊನೆಯಿಂದ ಓದುವ ರೂಢಿ ಮಾಡಿಕೊಳ್ಳಿ. ಮುಂದೆ 'ಮದುವೆಯ ಮಮತೆಯ ಕರೆಯೋಲೆ' ಅಂತಿದ್ದರೂ ಸರಿ, 'ಬ್ಯಾಂಕ್ ನೋಟಿಸ್' ಅಂತಿದ್ದರೂ ಸರಿ, ಅದು ಏನು ಅಂತ ಹೇಳೋದು ಕೊನೆಯ ಚುಕ್ಕೆಯ ಆಚೆಗಿನ ಮೂರು ಅಕ್ಷರ.

ಮೇಲ್ ಬಾಗಿಲು ಮುಚ್ಚಿತು, ಕಿಟಕಿ ತೆರೆದೇ ಇತ್ತು!

ಪ್ರೇಮಪತ್ರದ ಹಾವಳಿ ಆದಮೇಲೆ ಮೇಲ್ ಕಂಪನಿಗಳು ಎಚ್ಚೆತ್ತವು. 2000ನೇ ಇಸವಿಯಲ್ಲೇ ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಒಂದು ತಿದ್ದುಪಡಿ ತಂದು, ಪ್ರೋಗ್ರಾಮ್ ಬಾಲದ ಅಟ್ಯಾಚ್‌ಮೆಂಟುಗಳನ್ನು ತೆರೆಯಲು ಬಿಡದಂತೆ ಮಾಡಿತು. ಜಿಮೇಲ್ ಅಂತೂ '.ಇಎಕ್ಸ್‌ಇ', '.ಬಿಎಟಿ', '.ವಿಬಿಎಸ್' ಮುಂತಾದ ಫೈಲುಗಳನ್ನು ಕಳಿಸಲೂ ಬಿಡುವುದಿಲ್ಲ, ಪಡೆಯಲೂ ಬಿಡುವುದಿಲ್ಲ. ಜಿಪ್ ಮಾಡಿ ಗಂಟು ಕಟ್ಟಿ ಕಳಿಸಿದರೂ ಬಿಚ್ಚಿ ನೋಡಿ ತಡೆಯುತ್ತದೆ. 2017ರ ಫೆಬ್ರುವರಿ 13ರಿಂದ '.ಜೆಎಸ್' ಫೈಲುಗಳೂ ಆ ಪಟ್ಟಿಗೆ ಸೇರಿದವು. ಮೊಬೈಲ್ ಆ್ಯಪ್‌ಗಳ ಬಾಲವಾದ '.ಎಪಿಕೆ' ಕೂಡ ಆ ಪಟ್ಟಿಯಲ್ಲಿದೆ.

ಅಂದರೆ ನಿಮ್ಮ ಜಿಮೇಲ್‌ಗೆ ಯಾರೂ ಎಪಿಕೆ ಫೈಲನ್ನು ನೇರವಾಗಿ ಕಳಿಸಲಾರರು. ಕಳ್ಳ ಸುಮ್ಮನಿರುತ್ತಾನೆಯೇ? ಮುಂಬಾಗಿಲಿಗೆ ಬೀಗ ಬಿದ್ದಿದೆ ಅಂತ ಗೊತ್ತಾದ ಮೇಲೆ ಕಿಟಕಿ ಹುಡುಕಿದ. ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ರೂಪದಲ್ಲಿ ಎಪಿಕೆ ಕಳಿಸಬಹುದು. ಮೇಲ್‌ನಲ್ಲಿ ಕಂಪನಿ ನಮ್ಮ ಪರವಾಗಿ ಮಾಡುತ್ತಿದ್ದ ಕಾವಲನ್ನು ವಾಟ್ಸ್ಆ್ಯಪ್‌ನಲ್ಲಿ ನಾವೇ ಮಾಡಬೇಕು. ವಿಷಯ ಇಷ್ಟೇ.

ಎಪಿಕೆ ಒಳಗೆ ಏನಿರುತ್ತೆ?

ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಟ್ಟು. ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಿಕೊಂಡಾಗಲೂ ಬರೋದು ಇಂಥದ್ದೇ ಕಟ್ಟು, ಆದರೆ ಅಲ್ಲಿ ಒಂದು ಮಟ್ಟದ ಪರೀಕ್ಷೆ ಆಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದಕ್ಕೆ ಆ ಪರೀಕ್ಷೆ ಇಲ್ಲ.

ಒಂದು ಸಮಾಧಾನದ ಮಾತು: ಫೈಲ್ ಬಂದ ಮಾತ್ರಕ್ಕೆ ಫೋನ್ ಕೆಡುವುದಿಲ್ಲ. ನೀವು ಅದನ್ನು ಒತ್ತಿದಾಗ ಫೋನೇ ಅಡ್ಡ ಬರುತ್ತದೆ. 'ನಿಮ್ಮ ಸುರಕ್ಷತೆಗಾಗಿ ಈ ಮೂಲದಿಂದ ಅಪರಿಚಿತ ಆ್ಯಪ್ ಹಾಕಲು ಅನುಮತಿ ಇಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಕೆಳಗೆ 'ಕ್ಯಾನ್ಸಲ್', 'ಸೆಟ್ಟಿಂಗ್ಸ್' ಎಂಬ ಎರಡು ಗುಂಡಿ. ಅವಸರದಲ್ಲಿ ನಾವು ಮಾಡೋದೇನು? ಓದದೆ ಸೆಟ್ಟಿಂಗ್ಸ್ ಒತ್ತಿ, 'ಅಲೋ' ಅಂತ ಆನ್ ಮಾಡಿ, 'ಇನ್‌ಸ್ಟಾಲ್' ಅಂತೇವೆ. ಕಳ್ಳನಿಗೆ ಬೇಕಾದದ್ದು ಈ ಮೂರು ಒತ್ತುಗಳೇ.

ಒಳಗೆ ಬಂದ ಮೇಲೆ ಅದು ಎಸ್ಎಂಎಸ್ ಓದುವ ಅನುಮತಿ ಕೇಳುತ್ತದೆ. ಅಲ್ಲೂ 'ಅಲೋ' ಅಂದರೆ ಮುಗೀತು. ಬ್ಯಾಂಕಿನಿಂದ ಬರುವ ಓಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನ ಕೈ ಸೇರುತ್ತದೆ. 'ಆಕ್ಸೆಸಿಬಿಲಿಟಿ' ಎಂಬ ಅನುಮತಿಯನ್ನೂ ಕೊಟ್ಟುಬಿಟ್ಟರೆ, ಪರದೆ ಮೇಲೆ ಏನಿದೆ ಅಂತ ಓದಿಕೊಂಡು ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಕೆಲವು ಆ್ಯಪ್‌ಗಳು ತಮ್ಮ ಚಿತ್ರವನ್ನೇ ಮರೆಮಾಡುತ್ತವೆ. 'ಪತ್ರಿಕೆ ತೆರೀಲೇ ಇಲ್ಲ, ಏನೋ ಕೆಟ್ಟಿರಬೇಕು' ಅಂತ ನೀವು ಅಡುಗೆಮನೆಗೆ ಹೋಗುತ್ತೀರಿ, ಅದು ಒಳಗೆ ಕೂತು ತನ್ನ ಕೆಲಸ ಮಾಡುತ್ತಿರುತ್ತದೆ.

ಅಲ್ಲಿಗೇ ನಿಲ್ಲುವುದಿಲ್ಲ. ಓಟಿಪಿ ಸಿಕ್ಕವನಿಗೆ ನಿಮ್ಮ ವಾಟ್ಸ್ಆ್ಯಪ್ಪೂ ಸಿಗುತ್ತದೆ. ಆಗ ಅದೇ ಪತ್ರಿಕೆ ನಿಮ್ಮ ಹೆಸರಿನಲ್ಲಿ ನಿಮ್ಮ ತವರಿನ ಗುಂಪಿಗೆ, ಸಂಘದ ಗುಂಪಿಗೆ, ಮಗನ ಶಾಲೆಯ ತಾಯಂದಿರ ಗುಂಪಿಗೆ ಹೋಗುತ್ತದೆ. ಅವರು ಅದನ್ನು ತೆರೆಯೋದು ನಿಮ್ಮ ಮೇಲಿನ ನಂಬಿಕೆಯಿಂದ. 2000ನೇ ಇಸವಿಯ ಪ್ರೇಮಪತ್ರ ಮಾಡಿದ್ದೂ ಇದನ್ನೇ ಅಲ್ಲವೇ? ಅದಕ್ಕೇ 'ಗೊತ್ತಿದ್ದವರೇ ಕಳಿಸ್ಯಾರ' ಅನ್ನೋದು ಧೈರ್ಯ ಕೊಡುವ ಮಾತಲ್ಲ.

ಬರುವ ವೇಷಗಳು

ಮದುವೆ ಪತ್ರಿಕೆ ಒಂದೇ ಅಲ್ಲ, ಇವನ್ನೂ ಗುರುತಿಟ್ಟುಕೊಳ್ಳಿ:

* 'ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ' ಅಂತ ಸಾರಿಗೆ ಇಲಾಖೆಯ ಹೆಸರಿನ ಫೈಲ್. ದಂಡ ಇದೆಯೋ ಇಲ್ಲವೋ ಅಂತ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು. ಅದಕ್ಕೆ ಯಾರೂ ವಾಟ್ಸ್ಆ್ಯಪ್‌ನಲ್ಲಿ ಆ್ಯಪ್ ಕಳಿಸುವುದಿಲ್ಲ.

* 'ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ಆ್ಯಪ್‌ನಲ್ಲಿ ಬಿಲ್ ಕಟ್ಟಿ' ಎಂಬ ಬೆದರಿಕೆ. ಜೆಸ್ಕಾಂ ಬಿಲ್ ಬಗ್ಗೆ ಅನುಮಾನ ಬಂದರೆ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಇಲ್ಲವೇ ಬಿಲ್ ಹಿಡಿದು ಕಚೇರಿಗೇ ಹೋಗಿ.

* 'ಕೆವೈಸಿ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್' ಎಂದು ಬ್ಯಾಂಕಿನ ಹೆಸರಿನ ಫೈಲ್. ಬ್ಯಾಂಕ್ ಆ್ಯಪ್ ಸಿಗೋದು ಪ್ಲೇ ಸ್ಟೋರ್‌ನಲ್ಲಿ, ಕೆವೈಸಿ ಆಗೋದು ಶಾಖೆಯಲ್ಲಿ ಅಥವಾ ಆ ಆ್ಯಪ್‌ನಲ್ಲಿ.

* ಸರ್ಕಾರದ ಯೋಜನೆಯ ಹಣ ಬಂದಿದೆ, ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ ಎಂಬ ಆಸೆ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿದ್ದು ಗ್ರಾಮ ಒನ್, ಕರ್ನಾಟಕ ಒನ್‌ನಂಥ ಕೇಂದ್ರಗಳಲ್ಲಿ ಎಂಬುದು ನೆನಪಿದೆಯಲ್ಲ? ಹಣ ಬರೋದು ಸೀದಾ ಖಾತೆಗೆ. ನಡುವೆ ಆ್ಯಪ್‌ಗೆ ಏನು ಕೆಲಸ?

ಎಲ್ಲಕ್ಕೂ ಒಂದೇ ಸೂತ್ರ: ಓದುವುದಕ್ಕೆ, ನೋಡುವುದಕ್ಕೆ ಆ್ಯಪ್ ಹಾಕಬೇಕಾಗಿಲ್ಲ. ನಿಜವಾದ ಪತ್ರಿಕೆ ಫೋಟೋ ಆಗಿದ್ದರೆ ಅಲ್ಲೇ ಕಾಣುತ್ತದೆ, ವೀಡಿಯೋ ಆಗಿದ್ದರೆ ಅಲ್ಲೇ ಓಡುತ್ತದೆ, ಪಿಡಿಎಫ್ ಆಗಿದ್ದರೆ ಹಾಗೇ ತೆರೆದುಕೊಳ್ಳುತ್ತದೆ. 'ಇನ್‌ಸ್ಟಾಲ್' ಎಂಬ ಪದ ಕಂಡ ಕ್ಷಣ ಕೈ ಹಿಂದೆ ಬರಲಿ. ಪಿಡಿಎಫ್ ಒಳಗೆ 'ಇಲ್ಲಿ ಒತ್ತಿ' ಅಂತ ಲಿಂಕ್ ಇದ್ದರೆ ಅದನ್ನೂ ಮುಟ್ಟಬೇಡಿ.

ಇವತ್ತೇ ಮಾಡಿ, ಹತ್ತು ನಿಮಿಷದ ಕೆಲಸ

ತುಂಗಭದ್ರಾ ಅಣೆಕಟ್ಟೆಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಒಂದು ತುಂಡಾಗಿ, ಗೇಟೇ ಕೊಚ್ಚಿಹೋಗಿ ಊರಿಗೆ ಊರೇ ನಿದ್ದೆಗೆಟ್ಟದ್ದನ್ನು ಹೊಸಪೇಟೆಯವರು ಮರೆತಿಲ್ಲ. ಉಳಿದ 32 ಗೇಟು ಗಟ್ಟಿಯಿದ್ದರೂ ನೀರು ಹೋಗಲು ಒಂದು ಸಾಕಾಯಿತು. ಫೋನಿಗೂ ಅಷ್ಟೇ, ಹಲವು ಗೇಟುಗಳಿವೆ. ಒಂದೊಂದಾಗಿ ಬಿಗಿ ಮಾಡೋಣ ಬನ್ನಿ. ಫೋನಿನ ಕಂಪನಿ ಬೇರೆಯಾದರೆ ಹೆಸರುಗಳು ಸ್ವಲ್ಪ ಹಿಂದೆ ಮುಂದೆ ಇರಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ಹೆಸರು ಟೈಪ್ ಮಾಡಿ.

1. ಅಪರಿಚಿತ ಆ್ಯಪ್‌ಗೆ ತಡೆ: ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ. ಅಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಜಿಮೇಲ್, ಫೈಲ್ಸ್ ಮುಂತಾದ ಹೆಸರುಗಳಿರುತ್ತವೆ. ಪ್ರತಿಯೊಂದರ ಮುಂದೆಯೂ 'ನಾಟ್ ಅಲೋಡ್' ಎಂದಿರಬೇಕು. ಎಲ್ಲಾದರೂ 'ಅಲೋಡ್' ಇದ್ದರೆ ಆಫ್ ಮಾಡಿ. ಎಲ್ಲಕ್ಕಿಂತ ಮುಖ್ಯವಾದ ಗೇಟು ಇದೇ.

2. ಪ್ಲೇ ಪ್ರೊಟೆಕ್ಟ್: ಪ್ಲೇ ಸ್ಟೋರ್ ತೆರೆದು, ಬಲಗಡೆ ಮೇಲಿರುವ ನಿಮ್ಮ ಚಿತ್ರ ಅಥವಾ ಅಕ್ಷರ ಒತ್ತಿ, 'ಪ್ಲೇ ಪ್ರೊಟೆಕ್ಟ್'ಗೆ ಹೋಗಿ 'ಸ್ಕ್ಯಾನ್' ಕೊಡಿ. ಅದು ಯಾವಾಗಲೂ ಆನ್ ಇರಲಿ. ಓಟಿಪಿ ಓದಲು ಅನುಮತಿ ಕೇಳುವ ಹೊರಗಿನ ಆ್ಯಪ್‌ಗಳನ್ನು ತಡೆಯುವ ವ್ಯವಸ್ಥೆಯನ್ನು ಭಾರತದಲ್ಲಿ ತರುವುದಾಗಿ ಗೂಗಲ್ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಅದು ಕೆಲಸ ಮಾಡೋದು ಇದರ ಮೂಲಕವೇ. 'ಪತ್ರಿಕೆ ತೆರೀತಿಲ್ಲ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ' ಅಂತ ಯಾರಾದರೂ ಹೇಳಿದರೆ ಅವರು ಕಳ್ಳರೇ, ಅನುಮಾನ ಬೇಡ.

3. ತಾನಾಗಿ ಇಳಿಯುವುದಕ್ಕೆ ತಡೆ: ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ'ಗೆ ಹೋಗಿ, 'ಆಟೋ ಡೌನ್‌ಲೋಡ್' ಕೆಳಗಿನ ಮೂರೂ ಸಾಲಿನಲ್ಲಿ 'ಡಾಕ್ಯುಮೆಂಟ್ಸ್' ಮುಂದಿನ ಗುರುತು ತೆಗೆಯಿರಿ. ಡೇಟಾ ಉಳಿಯುತ್ತದೆ, ಫೋನಿನ ಜಾಗವೂ ಉಳಿಯುತ್ತದೆ. ಬೇಕಾದದ್ದನ್ನು ನೋಡಿ, ಯೋಚಿಸಿ, ಆಮೇಲೆ ಇಳಿಸಿಕೊಳ್ಳಿ.

4. ಆರು ಅಂಕಿಯ ಬೀಗ: ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ 'ಅಕೌಂಟ್' ಒಳಗೆ 'ಟೂ ಸ್ಟೆಪ್ ವೆರಿಫಿಕೇಶನ್' ಇದೆ. ನಿಮ್ಮದೇ ಆರು ಅಂಕಿಯ ಪಿನ್ ಹಾಕಿ. ಓಟಿಪಿ ಕದ್ದವನಿಗೂ ಈ ಪಿನ್ ಇಲ್ಲದೆ ನಿಮ್ಮ ವಾಟ್ಸ್ಆ್ಯಪ್ ತನ್ನ ಫೋನಿನಲ್ಲಿ ತೆರೆಯಲಾಗದು. ಮಗಳ ಹುಟ್ಟಿದ ದಿನ, ಗಾಡಿ ನಂಬರ್ ಬೇಡ!

5. ಎಸ್ಎಂಎಸ್ ಓದುವವರು ಯಾರು: ಸೆಟ್ಟಿಂಗ್ಸ್‌ನಲ್ಲಿ 'ಪರ್ಮಿಷನ್ ಮ್ಯಾನೇಜರ್' ಹುಡುಕಿ 'ಎಸ್ಎಂಎಸ್' ಒತ್ತಿ. ನಿಮ್ಮ ಸಂದೇಶ ಓದಲು ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ಬರುತ್ತದೆ. ಟಾರ್ಚ್ ಆ್ಯಪ್‌ಗೆ, ಕ್ಯಾಲೆಂಡರ್‌ಗೆ, ಆಟದ ಆ್ಯಪ್‌ಗೆ ನಿಮ್ಮ ಸಂದೇಶ ಯಾಕೆ ಬೇಕು? ತೆಗೆದುಹಾಕಿ.

6. ಹಣ ಒಂದೇ ಡಬ್ಬಿಯಲ್ಲಿ ಬೇಡ: ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಸ್ವಲ್ಪ, ಸೀರೆ ಮಡಿಕೆಯಲ್ಲಿ ಸ್ವಲ್ಪ ಇಡುತ್ತಿದ್ದುದು ಸುಮ್ಮನೆ ಅಲ್ಲ. ಫೋನ್‌ಪೇ, ಗೂಗಲ್‌ಪೇಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ. ದೊಡ್ಡ ಉಳಿತಾಯ ಬೇರೆ ಖಾತೆಯಲ್ಲಿ, ನೆಟ್ ಬ್ಯಾಂಕಿಂಗ್ ಇಲ್ಲದೆ ಇರಲಿ. ಖಾತೆಯಲ್ಲಿ ನೆಟ್ ಬ್ಯಾಂಕಿಂಗ್ ಇದ್ದರೆ ಎಫ್‌ಡಿ ಕೂಡ ಆನ್‌ಲೈನ್‌ನಲ್ಲೇ ಮುರಿಯಬಹುದು ಎಂಬುದು ನೆನಪಿರಲಿ.

ನಿಮ್ಮ ಫೋನ್ ಆದ ಮೇಲೆ ಅತ್ತೆಯವರ ಫೋನ್, ಮಾವನವರ ಫೋನ್, ಮನೆಗೆಲಸಕ್ಕೆ ಬರುವ ಅಕ್ಕನ ಫೋನ್, ಎಲ್ಲಕ್ಕೂ ಮಾಡಿಕೊಡಿ. ಅವರಿಗೆ ಹೇಳುವಾಗ ಎಪಿಕೆ-ಗಿಪಿಕೆ ಅಂತ ತಲೆ ತಿನ್ನಬೇಡಿ. 'ಫೋನು ಇಂಗ್ಲಿಷಿನಾಗ ಏನರ ಕೇಳಿದ್ರ ಒತ್ತಬ್ಯಾಡ, ನನ್ನ ಕರಿ' ಅಂದರೆ ಸಾಕು.

ಹೋಂಸ್ಟೇ, ಕಸೂತಿ, ಅಂಗಡಿ ಲೆಕ್ಕ: ಕಂಪ್ಯೂಟರ್ ಇರುವವರಿಗೆ

ಈ-ಮೇಲ್ ಅಪಾಯ ಪೂರ್ತಿ ಹೋಗಿದೆ ಅಂತಲ್ಲ. ಹಂಪಿ, ಕಮಲಾಪುರ, ಆನೆಗೊಂದಿ ಕಡೆ ಹೋಂಸ್ಟೇ ನಡೆಸುವ ಗೃಹಿಣಿಯರು ಇದನ್ನು ಗಮನವಿಟ್ಟು ಓದಿ. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಒಂದು ವಿಚಾರ ಹೊರಹಾಕಿತು. ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಹೋಟೆಲ್, ವಸತಿಗೃಹದವರಿಗೆ ಸುಳ್ಳು ಮೇಲ್‌ಗಳು ಹೋಗುತ್ತಿದ್ದವು, 2024ರ ಡಿಸೆಂಬರ್‌ನಿಂದಲೇ. ಅತಿಥಿಯೊಬ್ಬರು ನಿಮ್ಮ ಬಗ್ಗೆ ಕೆಟ್ಟದಾಗಿ ಬರೆದಿದ್ದಾರೆ, ನೋಡಿ ಉತ್ತರ ಕೊಡಿ ಎಂಬಂಥ ಮಾತು. ಅದರಲ್ಲಿ ಒಂದು ಲಿಂಕ್, ಇಲ್ಲವೇ ಲಿಂಕ್ ಇರುವ ಪಿಡಿಎಫ್. ಒತ್ತಿದರೆ 'ನೀವು ಮನುಷ್ಯರೇ ಎಂದು ಖಾತ್ರಿ ಮಾಡಿ' ಎಂಬ ಪುಟ. ಖಾತ್ರಿ ಮಾಡಲು ವಿಂಡೋಸ್ ಗುಂಡಿಯ ಜೊತೆ 'ಆರ್' ಒತ್ತಿ, ಆಮೇಲೆ ಕಂಟ್ರೋಲ್ ಜೊತೆ 'ವಿ' ಒತ್ತಿ, ಎಂಟರ್ ಕೊಡಿ ಎನ್ನುತ್ತಿತ್ತು.

ಇದರ ಚಾಲಾಕಿತನ ನೋಡಿ! ಅಟ್ಯಾಚ್‌ಮೆಂಟಾಗಿ ಪ್ರೋಗ್ರಾಮ್ ಕಳಿಸಿದರೆ ಮೇಲ್ ಕಂಪನಿ ತಡೆಯುತ್ತದೆ ಅಂತ, ಆ ಪ್ರೋಗ್ರಾಮಿನ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಕಂಪ್ಯೂಟರಿಗೆ ಕೊಡಿಸುವ ಉಪಾಯ. ಯಾವ ಜಾಲತಾಣವೂ ನೀವು ಮನುಷ್ಯರೇ ಅಂತ ತಿಳಿಯಲು ಈ ಗುಂಡಿಗಳನ್ನು ಒತ್ತಿಸುವುದಿಲ್ಲ. ದೂರು ಬಂದಿದೆ ಅಂದರೆ ಮೇಲ್‌ನ ಲಿಂಕ್ ಬಿಟ್ಟು, ನೀವೇ ಆ ತಾಣಕ್ಕೆ ಹೋಗಿ ಲಾಗಿನ್ ಆಗಿ ನೋಡಿ. ದೂರು ನಿಜವಾದರೆ ಅಲ್ಲಿ ಇದ್ದೇ ಇರುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೆ ಹೊರದೇಶದಲ್ಲೂ ಬೇಡಿಕೆ ಇದೆ. ಮನೆಯಿಂದಲೇ ಇಂಥ ಕೆಲಸದ ಆರ್ಡರ್ ಪಡೆಯುವವರಿಗೆ, ಕಂಪ್ಲಿಯಲ್ಲಿ ಅಕ್ಕಿ ವ್ಯಾಪಾರದ ಲೆಕ್ಕ ಬರೆಯುವ ಮನೆಯವರಿಗೆ 'ಆರ್ಡರ್ ಪಟ್ಟಿ', 'ಬಾಕಿ ಬಿಲ್' ಅಂತ ಎಕ್ಸೆಲ್ ಫೈಲ್ ಬರೋದು ಸಹಜ. ತೆರೆದಾಗ ಮೇಲೆ ಹಳದಿ ಪಟ್ಟಿಯಲ್ಲಿ 'ಎನೇಬಲ್ ಕಂಟೆಂಟ್' ಅಂತ ಬಂದರೆ ಒತ್ತಬೇಡಿ. ಫೈಲಿನ ಒಳಗೆ ಅಡಗಿರುವ 'ಮ್ಯಾಕ್ರೋ' ಎಂಬ ಪುಟ್ಟ ಪ್ರೋಗ್ರಾಮ್ ಓಡೋದು ಅದರಿಂದಲೇ. 2022ರಿಂದ ಮೈಕ್ರೋಸಾಫ್ಟ್, ಇಂಟರ್ನೆಟ್ ಮೂಲಕ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯತೊಡಗಿದೆ. ಆದರೆ ಹಳೆಯ ಆಫೀಸ್ ಇರುವ ಕಂಪ್ಯೂಟರುಗಳಲ್ಲಿ ಆ ಕಾವಲು ಇರದು. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂದು, ಆ ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದಿದ್ದರೆ ಇನ್ನೂ ಹುಷಾರು. ವೈರಸ್ ತಡೆಯುವ ಕಾವಲುಗಾರನಿಗೆ ಗಂಟಿನ ಒಳಗೆ ಕಾಣದಿರಲಿ ಅಂತ ಮಾಡುವ ಕೆಲಸ ಅದು.

ಇನ್ನೊಂದು ಸಣ್ಣ ಕೆಲಸ. ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದು, ಮೇಲಿನ 'ವ್ಯೂ' ಒಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಮುಂದೆ ಗುರುತು ಹಾಕಿ. ಹೊಸ ವಿಂಡೋಸ್‌ನಲ್ಲಿ ಅದು 'ವ್ಯೂ' ಒಳಗಿನ 'ಶೋ'ನಲ್ಲಿದೆ. ಮರೆಯಾಗಿದ್ದ ಬಾಲಗಳೆಲ್ಲ ಆಗ ಕಣ್ಣಿಗೆ ಕಾಣುತ್ತವೆ.

ಒತ್ತಿಬಿಟ್ಟಿದ್ದರೆ ಏನು ಮಾಡೋದು?

ಗಾಬರಿ ಬೇಡ. ಆದರೆ ತಡವೂ ಬೇಡ.

* ಮೊದಲು ಫೋನನ್ನು 'ಏರೋಪ್ಲೇನ್ ಮೋಡ್'ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಕಳ್ಳನಿಗೂ ನಿಮ್ಮ ಫೋನಿಗೂ ಇರುವ ದಾರ ಕಡಿಯುತ್ತದೆ.

* ಪಕ್ಕದ ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಎಟಿಎಂ ಕಾರ್ಡಿನ ಹಿಂದೆ ನಂಬರ್ ಇರುತ್ತದೆ. ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ಬಂದ್ ಮಾಡಿಸಿ, ದೂರಿನ ನಂಬರ್ ಬರೆದುಕೊಳ್ಳಿ.

* ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಸೈಬರ್ ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲೂ ದೂರು ಕೊಡಬಹುದು. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುತ್ತಾರೆ. ಅದು ನಡುದಾರಿಯಲ್ಲಿರುವಾಗಲೇ ತಡೆಹಿಡಿಸುವುದು ಈ ಸಹಾಯವಾಣಿಯ ಕೆಲಸ. ಹಾಗಾಗಿ ಇಲ್ಲಿ ಗಂಟೆಗಲ್ಲ, ನಿಮಿಷಕ್ಕೆ ಬೆಲೆ.

* ಪೊಲೀಸ್ ಠಾಣೆಗೆ ಹೋಗಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿಯವರಿಗೆ ಹೊಸಪೇಟೆಯೇ ಜಿಲ್ಲಾ ಕೇಂದ್ರ. ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ. ಆದರೆ ಯಾವ ಠಾಣೆ ಅಂತ ತಲೆಕೆಡಿಸಿಕೊಂಡು ಕೂರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು.

* ಗುಂಪುಗಳಿಗೆ ಬೇರೆ ಫೋನಿನಿಂದ ತಿಳಿಸಿ: 'ನನ್ನ ನಂಬರಿನಿಂದ ಪತ್ರಿಕೆ ಬಂದರೆ ತೆರೆಯಬೇಡಿ.'

* ಫೋನ್ ಬರೀ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸಾಲದು. ಗೊತ್ತಿದ್ದವರ ಸಹಾಯದಿಂದ ಆ ಆ್ಯಪ್ ತೆಗೆಸಿ. ಅನುಮಾನ ಉಳಿದರೆ ಫೋಟೋಗಳನ್ನು ಬೇರೆಡೆ ಇಟ್ಟುಕೊಂಡು 'ಫ್ಯಾಕ್ಟರಿ ರೀಸೆಟ್' ಮಾಡಿಸಿ. ಪಾಸ್‌ವರ್ಡ್, ಪಿನ್ ಎಲ್ಲ ಬದಲಿಸಿ. ಆದರೆ ಅದಕ್ಕೂ ಮೊದಲು ಆ ಫೈಲಿನ, ಬಂದ ಸಂದೇಶದ ಚಿತ್ರವನ್ನು ಬೇರೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಪೊಲೀಸರಿಗೆ ಬೇಕಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಬ್ಯಾಂಕಿಗೆ ಬೇಗ ತಿಳಿಸಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಒಂದು ಮಾತು ಸ್ಪಷ್ಟಪಡಿಸಿತು. ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಅಂದರೆ ನೀವು ಫೋನ್ ಮಾಡಿದ ಹೊತ್ತು ಎಷ್ಟು ಮುಂಚೆಯೋ ಅಷ್ಟು ಒಳ್ಳೆಯದು.

ಬೈಯಬೇಡಿ, ಮುಚ್ಚಿಡಬೇಡಿ

ಇಷ್ಟೆಲ್ಲ ಹೇಳಿದರೂ ನಿಜವಾದ ತೊಡಕು ಇರೋದು ಬೇರೆ ಕಡೆ. ಹಣ ಹೋದ ಮೇಲೆ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. 'ಮನ್ಯಾಗ ಗೊತ್ತಾದ್ರ ಏನಂತಾರೋ', 'ಅಷ್ಟೂ ತಿಳಿಯಲ್ಲೇನು ನಿಂಗ ಅಂತಾರ' ಎಂಬ ಅಂಜಿಕೆ. ಸಂಜೆ ಅವರು ಬರಲಿ, ಊಟ ಆಗಲಿ, ಸಮಯ ನೋಡಿ ಹೇಳೋಣ ಅಂತ ಕಾಯುತ್ತಾರೆ. ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಕಳ್ಳನಿಗೆ ಎಪಿಕೆಗಿಂತ ಹೆಚ್ಚು ಸಹಾಯ ಮಾಡೋದು ನಮ್ಮ ಈ ನಾಚಿಕೆ.

ಮೋಸಹೋಗೋದು ದಡ್ಡತನ ಅಲ್ಲ. ಓದಿದವರು, ಅಧಿಕಾರಿಗಳು, ಕಂಪ್ಯೂಟರ್ ಕಲಿತವರೇ ಪ್ರೇಮಪತ್ರ ತೆರೆದಿದ್ದರು. ಈ ಕಳ್ಳತನ ನಂಬಿರೋದು ನಮ್ಮ ಒಳ್ಳೆಯ ಗುಣಗಳನ್ನೇ. ಬಳಗದ ಮೇಲಿನ ಪ್ರೀತಿ, ಕರೆದ ಮದುವೆಗೆ ಹೋಗಬೇಕೆಂಬ ಮರ್ಯಾದೆ, ಬಾಕಿ ಇಟ್ಟುಕೊಳ್ಳಬಾರದೆಂಬ ಪ್ರಾಮಾಣಿಕತೆ.

ಅದಕ್ಕೇ ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಮನೆಯಲ್ಲೊಂದು ಒಪ್ಪಂದ ಮಾಡಿಕೊಳ್ಳಿ: ಯಾರೇ ಏನೇ ಒತ್ತಿದರೂ ಐದು ನಿಮಿಷದಲ್ಲಿ ಹೇಳಬೇಕು, ಹೇಳಿದವರಿಗೆ ಯಾರೂ ಬೈಯಬಾರದು. ಗಂಡಸರಿಗೂ ಇದು ಅನ್ವಯ, ಚಲನ್ ಫೈಲ್ ಒತ್ತುವವರಲ್ಲಿ ಅವರೂ ಇರುತ್ತಾರೆ! ಈ ಒಪ್ಪಂದಕ್ಕೆ ಖರ್ಚಿಲ್ಲ, ಡೌನ್‌ಲೋಡ್ ಬೇಕಿಲ್ಲ.

ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಳ್ಳಿ

* ಪತ್ರಿಕೆ ಬಂದರೆ: ಹೆಸರಿನ ಬಾಲ ನೋಡಿ. ಎಪಿಕೆ ಅಂತಿದ್ದರೆ ಡಿಲೀಟ್.
* ಕಳಿಸಿದವರು ಗೊತ್ತಿದ್ದರೆ: ಅವರಿಗೆ ಫೋನ್ ಮಾಡಿ ಕೇಳಿ. ಮೆಸೇಜ್ ಬೇಡ, ಅದಕ್ಕೆ ಉತ್ತರ ಕೊಡುವವನು ಕಳ್ಳನೇ ಆಗಿರಬಹುದು.
* 'ಇನ್‌ಸ್ಟಾಲ್', 'ಅಲೋ', 'ಎನೇಬಲ್' ಕಂಡರೆ: ಕೈ ಹಿಂದೆ.
* ಒತ್ತಿಬಿಟ್ಟರೆ: ಏರೋಪ್ಲೇನ್ ಮೋಡ್, ಬ್ಯಾಂಕ್, 1930.

ಕಳಿಸಿದವರಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಪತ್ರಿಕೆ ನಿಜವಾಗಿದ್ದರೆ ಮದುವೆ ಮನೆಯವರಿಗೂ ಖುಷಿ. 'ಅಯ್ಯೋ, ಫೋನ್ ಮಾಡಿದ್ರಲ್ಲ, ಬರ್ಲೇಬೇಕ್ರಿ' ಅಂತ ಇನ್ನೊಮ್ಮೆ ಬಾಯಿ ತುಂಬ ಕರೆಯುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಮುಗಿದುಹೋಗುತ್ತಿದ್ದ ಕರೆ ಒಂದು ಮಾತಾದರೂ ಆಗುತ್ತದೆ!